ಅಪ್ಪನ ದನಿ ಇದ್ದ ಡಿಸ್ಕು

"ಮೇಷ್ಟ್ರೇ, ನಮ್ಮಪ್ಪನ್ನ ಎಲ್ಲಿಗೆ ಕಳಿಸಿದ್ರಿ?"

ಎಲಿಯೆಸರ್ ಇನ್ನೂ ಹೊಸಿಲು ದಾಟಿರಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಅಂಗಿಯ ಜೇಬಿಗಿಟ್ಟ, ತೆಗೆದ, ಮತ್ತೆ ಇಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳೋದು ಅಂದರೆ ಇದೇ ಅಂದುಕೊಂಡಳು ಒದಾಲ್ಮಿಸ್.

"ನಿನ್ನೆ ಶನಿವಾರ ನೀವು ಮೌಸ್ ಬದಲಾಯಿಸಿಕೊಟ್ಟು ಹೋದ್ರಿ. ಇವತ್ತು ನೋಡಿದ್ರೆ ಅಪ್ಪನ ಫೋಲ್ಡರೇ ಇಲ್ಲ. ಈ ಮಷೀನು ಮುಟ್ಟಿದ ಹೊರಗಿನವರು ನೀವೊಬ್ಬರೇ."

ಎಲಿಯೆಸರ್ ಹೈಸ್ಕೂಲಿನ ಫಿಸಿಕ್ಸ್ ಮೇಷ್ಟ್ರು. ಪಿನಾರ್ ದೆಲ್ ರಿಯೋ ಊರಿನ ಆ ಬೀದಿಯಲ್ಲಿ ಯಾರ ಕಂಪ್ಯೂಟರ್ ಕೆಮ್ಮಿದರೂ ಅವನಿಗೇ ಕರೆ. ಒಂದು ಪುಟ್ಟ ಲೋಟ ಕಾಫಿ ಕೊಟ್ಟರೆ ಆಯ್ತು, ಬೇರೇನೂ ಮುಟ್ಟುವುದಿಲ್ಲ. ಬಿಟ್ಟಿ ಕೆಲಸ ಮಾಡುವ ಗಂಡಸಿನ ಮೇಲೆ ಒದಾಲ್ಮಿಸಳಿಗೆ ಮೊದಲಿಂದಲೂ ಅನುಮಾನವೇ.

ಅವನು ಸ್ಕ್ರೀನಿನ ಮುಂದೆ ಕೂತ. ಏನೇನೋ ತೆರೆದು ನೋಡಿದ. ಒಂದು ಕಡೆ ಕಣ್ಣು ನೆಟ್ಟ.

"ನಿನ್ನೆ ಪಾಕೆತೆಯವನು ಬಂದಿದ್ನಾ?"

ಪಾಕೆತೆಯವನು ಬಾರದ ಶನಿವಾರ ಉಂಟೇ? ದೊಡ್ಡ ಡಿಸ್ಕಿನಲ್ಲಿ ಹೊಸ ಧಾರಾವಾಹಿ, ಸಿನಿಮಾ, ಹಾಡು ಎಲ್ಲ ಸೇರಿದ ವಾರದ ಕಟ್ಟು, ಅಂದರೆ ಪಾಕೆತೆ, ಹೊತ್ತು ತರುತ್ತಾನೆ. ಅವನು ಬರುವ ಮೊದಲು ಹಳೆ ವಾರದ್ದನ್ನು ಅಳಿಸಿ ಜಾಗ ಮಾಡಿಡಬೇಕು. ಬೀದಿಯ ಮನೆಮನೆಯಲ್ಲೂ ಶನಿವಾರ ಬೆಳಿಗ್ಗೆಯ ಕೆಲಸ ಅದೇ.

"ಬಂದಿದ್ದ. ಹೊಸಿಲಲ್ಲೇ ನಿಂತಿದ್ದ, ತುಂಬಿಕೊಂಡವಳು ನಾನೇ. ಅದಕ್ಕೂ ಇದಕ್ಕೂ ಏನು ಸಂಬಂಧ? ಮಾತು ತಿರುಗಿಸಬೇಡಿ."

"ಇಲ್ಲ, ಇಲ್ಲ. ತಪ್ಪು ನನ್ನದೇ ಇರಬೇಕು," ಅಂದ ಅವನು, ಅವಳ ಮುಖ ನೋಡದೆ. "ಡಿಸ್ಕು ಬಿಚ್ಚಿಕೊಂಡು ಹೋಗ್ತೀನಿ. ಇನ್ನು ಇದಕ್ಕೆ ಒಂದು ಹಾಡನ್ನೂ ತುಂಬಬಾರದು. ಅಳಿಸಿದ್ದರ ಮೇಲೆ ಬೇರೇನಾದ್ರೂ ಕೂತುಬಿಟ್ರೆ ದೇವರು ಬಂದ್ರೂ ಸಿಗಲ್ಲ."

ಡಿಸ್ಕು ಹೋಯಿತು. ಒದಾಲ್ಮಿಸಳ ಜೀವವೇ ಹೋದಂತಾಯಿತು.

ಅವಳ ಅಪ್ಪ ಎವರಿಸ್ತೋ ಚುಟ್ಟಾ ಕಾರ್ಖಾನೆಯ ಓದುಗ. ಮೂವತ್ತೊಂದು ವರ್ಷ ಎತ್ತರದ ಕುರ್ಚಿಯಲ್ಲಿ ಕೂತು, ಎಲೆ ಸುತ್ತುವವರಿಗೆ ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಓದಿದವರು. ಓದಿದ್ದು ಹಿಡಿಸಿದರೆ ಕೆಲಸಗಾರರು ಎಲೆ ಕತ್ತರಿಸುವ ಬಾಗಿದ ಚಾಕುವಿನಿಂದ ಹಲಗೆ ಬಡಿಯುತ್ತಾರೆ. ಹಿಡಿಸದಿದ್ದರೆ ಚಾಕು ನೆಲಕ್ಕೆ ಬೀಳುತ್ತದೆ. ಒದಾಲ್ಮಿಸಳೂ ಅಲ್ಲೇ ಎಲೆ ಸುತ್ತುವವಳು. ಅಪ್ಪನ ಓದನ್ನು ಫೋನಿನಲ್ಲಿ ಹಿಡಿದು, ಫೋನಿನಿಂದ ಅಳಿಸಿ ಕಂಪ್ಯೂಟರಿನಲ್ಲಿ ಇನ್ನೂರ ಹನ್ನೆರಡು ತುಂಡು ಕೂಡಿಟ್ಟಿದ್ದಳು. ಅಪ್ಪ ಹೋಗಿ ಎರಡು ವರ್ಷ. ಅವರಿಂದ ಉಳಿದಿದ್ದು ಅಷ್ಟೇ.

ಇನ್ನೊಂದು ಕಡೆ ಕಾಪಿ ಇಡಿ ಅಂತ ಇದೇ ಎಲಿಯೆಸರ್ ಹಿಂದೊಮ್ಮೆ ಹೇಳಿದ್ದ. "ನಮ್ಮಪ್ಪನ್ನ ಊರಿಗೆಲ್ಲ ಹಂಚೋಕಾ?" ಅಂತ ಬಾಯಿ ಮುಚ್ಚಿಸಿದ್ದಳು. ಬಿಟ್ಟುಹೋದ ಗಂಡ ರಿಗೋಬೆರ್ತೋ ಅವಳ ಫೋನಿಗೆ ಏನೋ ಹಾಕಿ, ಒಂದು ವರ್ಷ ಅವಳ ಮೆಸೇಜುಗಳನ್ನೆಲ್ಲ ಕದ್ದು ಓದಿದ್ದ. ಆಮೇಲೆ ಅವಳು ಯಾರನ್ನು ನಂಬಿಯಾಳು?

"ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ," ಅಂದಳು ನೇನಾ ಚಿಕ್ಕಮ್ಮ, ಕಪ್ಪು ಹುರುಳಿಯಲ್ಲಿ ಕಲ್ಲು ಆರಿಸುತ್ತಾ. "ಪಾಪ, ಆ ಮೇಷ್ಟ್ರು ನಿನ್ನ ಕಂಡ್ರೆ ಸ್ಕ್ರೂ ಯಾವ ಕಡೆ ತಿರುಗಿಸಬೇಕು ಅನ್ನೋದನ್ನೂ ಮರೀತಾನೆ."

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತೆ ಚಿಕ್ಕಮ್ಮ. ನಾನು ಕಣ್ಣು ಬಿಟ್ಕೊಂಡೇ ಇದ್ದೀನಿ."

ಬಿಟ್ಟುಕೊಂಡೇ ಇದ್ದಳು. ಗುರುವಾರ ಕೆಲಸ ಮುಗಿಸಿ ಬರುವಾಗ ಬೇಕೆಂದೇ ಅವನ ಬೀದಿಗೆ ತಿರುಗಿದಳು. ಕಿಟಕಿಯಲ್ಲಿ ಎಲಿಯೆಸರ್ ಕಂಡ. ಕಿವಿಗೆ ಹೆಡ್‌ಫೋನು, ಮುಂದೆ ಒಂದು ನೋಟ್‌ಬುಕ್ಕು. ಏನೋ ಕೇಳಿ ಒಬ್ಬನೇ ನಕ್ಕ, ಬರೆದುಕೊಂಡ. ಇವಳನ್ನು ಕಂಡದ್ದೇ ನೋಟ್‌ಬುಕ್ಕನ್ನು ಫಟ್ಟನೆ ಮುಚ್ಚಿ, ಅದರ ಮೇಲೆ ಮೊಣಕೈ ಊರಿದ.

"ಇನ್ನೆರಡು ದಿನ!" ಅಂತ ಕೂಗಿದ. ಅವನ ಕಿವಿ ಕೆಂಪಾಗಿತ್ತು.

ಎರಡು ದಿನದಲ್ಲಿ ಇನ್ನೇನು ಮಾಡುತ್ತಾನೋ! ಅಪ್ಪನ ದನಿಯನ್ನು ಪಾಕೆತೆಯವನಿಗೆ ಕೊಟ್ಟುಬಿಟ್ಟರೆ? ಬೀದಿಬೀದಿಯಲ್ಲಿ ಜನ ಅದನ್ನು ಕೇಳಿ ಮುಂದಿನ ಶನಿವಾರ ಅಳಿಸಿ ಬಿಸಾಡಿದರೆ? ಮನೆ ಕಡೆ ಬಿರಬಿರನೆ ಹೆಜ್ಜೆ ಹಾಕಿದಳು. ಅವನ ನಗು ಮಾತ್ರ ಚೆನ್ನಾಗಿತ್ತು ಅನ್ನುವುದು ಮನೆ ಮುಟ್ಟಿದ ಮೇಲೆ ನೆನಪಾಗಿ, ತನ್ನ ಮೇಲೇ ಸಿಟ್ಟು ಬಂತು.

ಶನಿವಾರ ಮಧ್ಯಾಹ್ನ ಕರೆಂಟು ಬಂದ ಕೂಡಲೇ ಅವನ ಮನೆಗೆ ನುಗ್ಗಿದಳು. ಅವನು ಒಳಗೆ ಕಾಫಿ ಇಳಿಸುತ್ತಿದ್ದ. ನೋಟ್‌ಬುಕ್ಕು ಮೇಜಿನ ಮೇಲಿತ್ತು. ಬಿಡುತ್ತಾಳೆಯೇ? ತೆರೆದಳು.

"೧೨: ಕೆಮ್ಮು ಜಾಸ್ತಿ. ಮಳೆಗಾಲ ಇರಬೇಕು. ೪೭: ದುಃಖದ ಜಾಗ. ಒದಾಲ್ಮಿಸ್ ನಗುತ್ತಾಳೆ. 'ಇಲ್ಲಿ ಅಳಬೇಕು ಕಣೇ' ಅಂತ ಅಪ್ಪ ಗದರುತ್ತಾರೆ. ೪೮: ಅದೇ ಕಾದಂಬರಿ, ಮುಂದಿನ ಭಾಗ. ಅವಳು ಇನ್ನೂ ನಗುತ್ತಿದ್ದಾಳೆ."

"ಇದೇನಿದು? ಪುಟಪುಟದಲ್ಲೂ ನನ್ನ ಹೆಸರು ಯಾಕೆ?" ಅವಳು ಪುಟವನ್ನು ಅವನ ಕಡೆ ತಿರುಗಿಸಿ ಹಿಡಿದಳು.

ಬಾಗಿಲಲ್ಲಿ ಎರಡು ಲೋಟ ಹಿಡಿದು ನಿಂತಿದ್ದ ಎಲಿಯೆಸರ್ ಬೆವತುಹೋದ. "ಫೈಲುಗಳು ವಾಪಸ್ಸು ಬಂದವು, ಹೆಸರು ಬರಲಿಲ್ಲ. ಬರೀ ನಂಬರು, ಅದೂ ಹಿಂದುಮುಂದು. ಒಂದೊಂದನ್ನೂ ಪೂರ್ತಿ ಕೇಳಿದ್ರೇ ಯಾವುದರ ಮುಂದೆ ಯಾವುದು ಅಂತ ಗೊತ್ತಾಗೋದು. ಇನ್ನೂರ ಒಂಬತ್ತು ಸಿಕ್ಕಿದೆ. ಮೂರು ಹೋಯ್ತು. ಕ್ಷಮಿಸಿ."

ಅವಳು ಮೊದಲ ಪುಟಕ್ಕೆ ತಿರುಗಿಸಿದಳು. ಅಲ್ಲಿ ಒಂದೇ ಸಾಲು: "ಹಳೆ ಪಾಕೆತೆ ಫೋಲ್ಡರಿನ ಒಳಗಿತ್ತು. ಅಳಿಸಿದ್ದು ಶನಿವಾರ ಬೆಳಿಗ್ಗೆ ೯:೪೦."

ಅವನು ಮೌಸ್ ತಂದದ್ದು ಹನ್ನೊಂದಕ್ಕೆ. ಒಂಬತ್ತೂ ನಲವತ್ತಕ್ಕೆ ಆ ಮೇಜಿನ ಮುಂದೆ ಕೂತಿದ್ದವಳು ತಾನೇ. ಹಿಂದಿನ ದಿನ ಆ ಹಾಳು ಮೌಸು ಒತ್ತಿದ್ದನ್ನು ಬಿಡದೆ ಫೋಲ್ಡರುಗಳನ್ನು ಎಲ್ಲೆಲ್ಲೋ ಎಳೆದಾಡುತ್ತಿತ್ತು. ಅಪ್ಪನ ಫೋಲ್ಡರು ಹಳೆ ಪಾಕೆತೆಯೊಳಗೆ ಬಿದ್ದಿತ್ತು, ಇವಳು ಧಾರಾವಾಹಿಗಳ ಜೊತೆ ಅಪ್ಪನನ್ನೂ ಗುಡಿಸಿ ಹಾಕಿದ್ದಳು. ಒದಾಲ್ಮಿಸ್ ಕುರ್ಚಿಯ ಮೇಲೆ ಕುಸಿದಳು.

"ಅವತ್ತೇ ಗೊತ್ತಾಗಿತ್ತಲ್ವಾ ನಿಮಗೆ? ಯಾಕೆ ಹೇಳ್ಲಿಲ್ಲ? ಅಷ್ಟು ಬೈದೆ ನಾನು!"

"ಸಿಗುತ್ತೋ ಇಲ್ವೋ ಗೊತ್ತಿರ್ಲಿಲ್ಲ," ಅಂದ ಎಲಿಯೆಸರ್, ಲೋಟಗಳನ್ನು ಮೇಜಿನ ಮೇಲಿಡುತ್ತಾ. "ಸಿಗದೇ ಹೋಗಿದ್ರೆ ನಿಮಗೆ ಬೈಯೋಕೆ ಯಾರಾದ್ರೂ ಬೇಕಾಗ್ತಿತ್ತು. ನಿಮ್ಮನ್ನೇ ನೀವು ಬೈಕೊಳ್ಳೋದಕ್ಕಿಂತ ನನ್ನ ಬೈದ್ರೆ ವಾಸಿ ಅಂತ."

ಅವಳಿಗೆ ಅಳು ಬಂತು. ಅತ್ತಳು. ಅವನು ಒರೆಸುವ ಬಟ್ಟೆ ಹುಡುಕಿ, ಕೀಬೋರ್ಡ್ ಒರೆಸುವ ಬಟ್ಟೆಯೇ ಸಿಕ್ಕಿ, ಅದನ್ನೇ ಕೊಟ್ಟ.

"ನನ್ನ ಹೆಸರು ಯಾಕೆ ಅಂತ ಇನ್ನೂ ಹೇಳ್ಲಿಲ್ಲ," ಅಂದಳು ಮೂಗು ಒರೆಸಿಕೊಂಡು. ಅನುಮಾನ ಅಷ್ಟು ಬೇಗ ಬಿಡುವ ಹೆಣ್ಣಲ್ಲ ಅವಳು.

ಎಲಿಯೆಸರ್ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದ. ಗಂಟಲು ಸರಿಮಾಡಿಕೊಂಡು, ಅವಳ ಅಪ್ಪ ಓದುತ್ತಿದ್ದ ಧಾಟಿಯಲ್ಲೇ ಓದಿದ.

"ಮೂರು ವರ್ಷದಿಂದ ಆ ಮನೆಗೆ ಹೋಗ್ತಿದ್ದೀನಿ. ಅವಳು ನಕ್ಕಿದ್ದನ್ನ ಒಂದು ಸಲವೂ ಕೇಳಿರಲಿಲ್ಲ. ಈ ವಾರ ಕೇಳಿದೆ, ಹತ್ತೊಂಬತ್ತು ಸಲ. ಇನ್ನು ಅದನ್ನ ಕೇಳದೆ ಇರೋದು ನನ್ನ ಕೈಲಿ ಆಗಲ್ಲ. ಒದಾಲ್ಮಿಸ್, ನೀವು ಅಂದ್ರೆ ನನಗೆ ಇಷ್ಟ."

ಓದಿ ಮುಗಿಸಿ ತಲೆ ಎತ್ತಲೇ ಇಲ್ಲ.

ಅವಳು ಎದ್ದಳು. ಅವನ ಜೇಬಿನಿಂದ ಸ್ಕ್ರೂಡ್ರೈವರ್ ಎಳೆದು, ಎಲೆ ಕತ್ತರಿಸುವ ಚಾಕುವಿನ ಹಾಗೆ ಹಿಡಿದಳು. ಚುಟ್ಟಾ ಕಾರ್ಖಾನೆಯ ಊರಲ್ಲಿ ಹುಟ್ಟಿದವನಿಗೆ ಅದರ ಅರ್ಥ ಹೇಳಬೇಕೆ? ಈಗ ಅನುಮಾನದ ಸರದಿ ಅವನದು. ಅವಳ ಕೈ ಮೇಜಿನ ಅಂಚು ದಾಟಿ ನೆಲದ ಕಡೆ ಚಾಚಿತು. ಎರಡು ಬೆರಳಲ್ಲಿ ಸ್ಕ್ರೂಡ್ರೈವರ್ ನೇತಾಡಿತು. ಎಲಿಯೆಸರ್ ಕಣ್ಣು ಮುಚ್ಚಿಕೊಂಡ.

ಟಕ್. ಟಕ್. ಟಕ್.

ಕಣ್ಣು ತೆರೆದರೆ ಒದಾಲ್ಮಿಸ್ ಮೇಜು ಬಡಿಯುತ್ತಿದ್ದಳು, ಕಾಫಿ ಚೆಲ್ಲುವ ಹಾಗೆ. ಕೆನ್ನೆ ಇನ್ನೂ ಒದ್ದೆಯಿತ್ತು, ನಗುತ್ತಿದ್ದಳು.

"ಇಪ್ಪತ್ತು ಅಂತ ಬರ್ಕೊಳ್ಳಿ ಮೇಷ್ಟ್ರೇ," ಅಂದಳು.