ಇನುದಾ ಸಾಹೇಬರ ಟೈ

"ಅವನು ಎಲ್ಲಿದ್ದಾನೆ? ಬಾಯಿ ಬಿಡೇ!"

ಫುಸಾಯೆ ಸೊಸೆಯ ಕೈಚೀಲವನ್ನು ಊಟದ ಮೇಜಿನ ಮೇಲೆ ಬೋರಲು ಹಾಕಿದರು. ಕಂದು ಬಣ್ಣದ ಟೈ, ಗಾಜೇ ಇಲ್ಲದ ಕನ್ನಡಕ ಹೊರಬಿದ್ದವು. ಒಲೆಯ ಮೇಲೆ ಬಂಗುಡೆ ಬೇಯಿಸುತ್ತಿದ್ದ ಚಿನಾತ್ಸು ಬಿಳಿಚಿಕೊಂಡಳು.

"ಯಾರು ಅತ್ತೆ?"

"ನನ್ನ ಗಂಡ! ಇನ್ಯಾರು? ಇವತ್ತು ಮಾಸ್ಕ್ ಹಾಕ್ಕೊಂಡು ಕೊನೇ ಸಾಲಲ್ಲಿ ಕೂತು ನಿನ್ನ ಆಟ ನೋಡಿದೆ."

ಒಸಾಕಾದ ಒಂದು ಸಣ್ಣ ರಂಗಮಂದಿರದಲ್ಲಿ ಚಿನಾತ್ಸು ಶನಿವಾರ ಮಧ್ಯಾಹ್ನ ಒಬ್ಬಳೇ ನಿಂತು ಜನರನ್ನು ನಗಿಸುತ್ತಿದ್ದಳು. ಅಲ್ಲಿ ಅವಳು ಇನುದಾ ಸಾಹೇಬ, ತಡವಾಗಿ ಮನೆಗೆ ಬಂದು ಹೆಂಡತಿಗೆ ಕಾರಣ ಹೇಳುವ ಮ್ಯಾನೇಜರ್. ಪ್ರತಿ ಸುಳ್ಳಿಗೂ ಮುಂಚೆ ಇನುದಾ ಕನ್ನಡಕ ತೆಗೆದು, ಹಾ ಎಂದು ಉಸಿರು ಬಿಟ್ಟು, ಟೈ ತುದಿಯಿಂದ ಒರೆಸುತ್ತಿದ್ದ. ಎಡಗಣ್ಣು ಮುಚ್ಚಿ ಕನ್ನಡಕವನ್ನು ದೀಪಕ್ಕೆ ಹಿಡಿದು, "ನಿಜ ಹೇಳ್ಬೇಕು ಅಂದ್ರೆ..." ಎನ್ನುತ್ತಿದ್ದ. ಒರೆಸುವ ಬೆರಳು ಗಾಜಿಲ್ಲದ ಚೌಕಟ್ಟಿನಿಂದ ಆಚೆ ಇಣುಕಿದಾಗ ಜನ ಬಿದ್ದು ಬಿದ್ದು ನಗುತ್ತಿದ್ದರು. ಅವಳ ಗಂಡ ಯಾಸುನೋರಿ ಮಾತ್ರ ಆ ಆಟವನ್ನು ಒಮ್ಮೆಯೂ ನೋಡಿರಲಿಲ್ಲ.

ಫುಸಾಯೆ ಇಂದು ನಕ್ಕಿರಲಿಲ್ಲ. ಅವರ ಗಂಡ ಶೋಜೋ ಹೀಗೇ ಕನ್ನಡಕ ಒರೆಸಿ, "ನಿಜ ಹೇಳ್ಬೇಕು ಅಂದ್ರೆ, ನಾಗೋಯಾದಲ್ಲಿ ಕೆಲಸ ಇದೆ" ಎಂದು ಹೋದವನು ತಿರುಗಿ ಬಂದಿರಲಿಲ್ಲ. ಯಾಸುನೋರಿಗೆ ಆಗ ಐದು ವರ್ಷ. ಒಂಟಿಯಾಗಿ ಅವನನ್ನು ಬೆಳೆಸಿದ ಫುಸಾಯೆ, ಮಂಡಿನೋವೆಂದು ಕಳೆದ ತಿಂಗಳಷ್ಟೇ ಈ ಮನೆಗೆ ಬಂದಿದ್ದರು. ಮಗ ಬರುವಷ್ಟರಲ್ಲಿ ದಿನವೂ ಅವರಿಗೆ ನಿದ್ದೆ.

"ಅವನದೊಂದು ಫೋಟೋನೂ ಇಟ್ಟಿಲ್ಲ ನಾನು. ಮತ್ತೆ ನಿನಗ್ಯಾರು ಕಲಿಸಿದ್ರು? ಕದ್ದು ಅವನನ್ನ ನೋಡ್ತಿದ್ದೀಯ! ನನ್ನ ಬಾಳನ್ನ ಊರ ಮುಂದೆ ಹಾಡ್ಕೊಂಡು ನಗ್ತೀಯ!"

"ಇಲ್ಲ ಅತ್ತೆ... ನಾನೇ ಕಟ್ಟಿದ್ದು."

"ಎಡಗಣ್ಣು ಮುಚ್ಚೋದನ್ನೂ ನೀನೇ ಕಟ್ಟಿದ್ಯಾ? ಅವನ ವಿಳಾಸ ಕೊಡು. ಇಲ್ಲಾಂದ್ರೆ ಈ ಮನೇಲಿ ನೀನಿರಬೇಕು, ಇಲ್ಲ ನಾನಿರಬೇಕು!"

ಒಂದೇ ಒಂದು ಹೆಸರು ಹೇಳಿದ್ದರೆ ಚಿನಾತ್ಸು ಪಾರಾಗುತ್ತಿದ್ದಳು. ಆದರೆ ಅದನ್ನು ಹೇಳಿಬಿಟ್ಟರೆ ಈ ತಾಯಿಗೆ ಉಳಿಯುವುದಾದರೂ ಏನು?... ಅವಳು ಒಲೆ ಸಣ್ಣ ಮಾಡಿದಳು.

"ಇನ್ಮೇಲೆ ಇನುದಾ ಪಾತ್ರ ಮಾಡಲ್ಲ ಅತ್ತೆ. ಇವತ್ತಿಗೆ ಮುಗೀತು."

ಆ ಪಾತ್ರ ಬಿಟ್ಟರೆ ಅವಳಿಗೆ ರಂಗದ ಮೇಲೆ ಬೇರೆ ಜಾಗವಿರಲಿಲ್ಲ.

"ನೋಡು, ಎಷ್ಟು ಸಲೀಸಾಗಿ ಬಿಟ್ಟೆ! ತಪ್ಪಿಲ್ಲದವಳು ಹೀಗೆ ಬಿಡ್ತಾಳಾ?"

ಬಾಗಿಲು ಸದ್ದಾಯಿತು. ಯಾಸುನೋರಿ ಬೂಟು ಕಳಚಿ ಒಳಗೆ ಬಂದ.

"ಶನಿವಾರಾನೂ ಇಷ್ಟು ಹೊತ್ತೇನೋ?" ಫುಸಾಯೆಯ ಸಿಟ್ಟು ಮಗನ ಕಡೆ ತಿರುಗಿತು.

ಅವನು ಟೈ ಸಡಿಲಿಸಿದ. ಕನ್ನಡಕ ತೆಗೆದು, ಹಾ ಎಂದು ಉಸಿರು ಬಿಟ್ಟು, ಟೈ ತುದಿಯಿಂದ ಒರೆಸಿದ. ಎಡಗಣ್ಣು ಮುಚ್ಚಿ ದೀಪಕ್ಕೆ ಹಿಡಿದ.

"ನಿಜ ಹೇಳ್ಬೇಕು ಅಂದ್ರೆ ಅಮ್ಮಾ, ಆಫೀಸಲ್ಲಿ ಆಡಿಟ್ ನಡೀತಿದೆ..."

ಫುಸಾಯೆ ಕುರ್ಚಿ ಎಳೆದು ಕುಳಿತರು. ಸೊಸೆಯತ್ತ ನೋಡಿದರು. ಅವಳು ತಲೆ ಎತ್ತಲಿಲ್ಲ. ಅಯ್ಯೋ... ಎಷ್ಟು ದಿನದಿಂದ ಈ ಹುಡುಗಿ ಇದನ್ನು ನೋಡುತ್ತಿದ್ದಾಳೋ!

ಯಾಸುನೋರಿಯ ಕಣ್ಣು ಮೇಜಿನ ಮೇಲೆ ಬಿತ್ತು. "ಇದ್ಯಾವ ಗಂಡಸಿನ ಟೈ? ಚಿನಾತ್ಸು, ಮನೆಗೆ ಯಾರು ಬಂದಿದ್ರು?"

"ಅದು ನಿಮ್ಮಪ್ಪಂದು" ಎಂದರು ಫುಸಾಯೆ.

ಅವರು ಟೈಯನ್ನು ಮೆಲ್ಲಗೆ ಸುತ್ತಿ, ಕನ್ನಡಕದ ಜೊತೆ ಚೀಲಕ್ಕೆ ಹಾಕಿ, ಸೊಸೆಯ ಕೈಗಿಟ್ಟರು.

"ಬರೋ ಶನಿವಾರಕ್ಕೆ ಬೇಕಲ್ಲ, ಜೋಪಾನವಾಗಿಟ್ಕೋ ಮಗಳೇ. ಮೊದಲನೇ ಸಾಲಲ್ಲಿ ಎರಡು ಸೀಟು ಹಿಡಿ. ನನಗೊಂದು, ಇವನಿಗೊಂದು."