ಬಟ್ಟೆಯಡಿಯ ಕೆಟಲ್‌ಗಳು

ಜುಂಜೇಶನಿಗೆ ಜೊತೆಗೆ ಕೂತು ಉಣ್ಣುವವರಿರಲಿಲ್ಲ. ಚಿತ್ರದುರ್ಗದ ಹೊರಗಿನ ಆ ವಿಶ್ವವಿದ್ಯಾಲಯಕ್ಕೆ ಸೋಲಾರ್ ಪ್ಲಾನ್ ಮಾಡಲು ಕಂಪನಿ ಕಳಿಸಿತ್ತು. ಕ್ಯಾಂಟೀನಿನಲ್ಲಿ ಗೋಡೆ ನೋಡಿಕೊಂಡು ಉಣ್ಣುತ್ತಿದ್ದ.

ಮಹಿಳಾ ಹಾಸ್ಟೆಲ್‌ನ ಕರೆಂಟ್ ಖರ್ಚು ಅಂದಾಜು ಮಾಡಲು ವಾರ್ಡನ್ ಜೊತೆ ಹೋದ. ಪ್ರತಿ ರೂಮಿನಲ್ಲೂ ಫ್ಯಾನ್, ಟ್ಯೂಬ್‌ಲೈಟ್, ಅಷ್ಟೇ. ಮೀಟರ್ ಮಾತ್ರ ಅದರ ಎರಡರಷ್ಟು ತೋರಿಸುತ್ತಿತ್ತು.

ವಾರ್ಡನ್ ಕೆಳಗಿಳಿದರು. ಎಂಎಸ್ಸಿ ಓದುವ ಸುಷ್ಮಿತಾ ಬಾಗಿಲಿಗೊರಗಿ ನಿಂತಿದ್ದಳು.

“ಏನ್ರಿ ಇಂಜಿನಿಯರ್ರೇ, ಲೆಕ್ಕ ತಾಳೆ ಆಗ್ತಿಲ್ವಾ?”

“ಮೀಟರ್ ಕೆಟ್ಟೈತೇನೋ.”

“ಮೀಟರ್ ಸರಿಗೇ ಐತೆ. ಬಕೀಟ್ನಾಗೆ ಒಗೆಯೋ ಬಟ್ಟೆ ಅವೆಯಲ್ಲ, ಅದ್ರ ಕೆಳಗೆ ನೋಡ್ರಿ.”

ಕೆಳಗೆ ನೀರು ಕಾಯಿಸುವ ಕರೆಂಟ್ ಕೆಟಲ್. ಹಾಸ್ಟೆಲ್‌ನಲ್ಲಿ ಅದಕ್ಕೆ ನಿಷೇಧ. ತಪಾಸಣೆ ಎಂದರೆ ಎಲ್ಲರೂ ಹೀಗೇ ಬಚ್ಚಿಡುತ್ತಿದ್ದರು.

“ಯಾರಿಗೂ ಹೇಳಲ್ಲ ಅಂದ್ರೆ ಎಣಿಸಿ ಕೊಡ್ತೀನಿ.”

“ಜುಂಜಪ್ಪನಾಣೆ ಹೇಳಲ್ಲ.”

“ದೇವ್ರ ಹೆಸ್ರೇ ಇಟ್ಕಂಡು ಆಣೆ ಬೇರೆ!” ಎಂದು ನಕ್ಕಳು.

ರೂಮ್ ರೂಮ್ ಸುತ್ತಿ ಎಣಿಸಿದ್ದನ್ನು ಹೇಳಲು ಕ್ಯಾಂಟೀನಿಗೆ ಬಂದವಳು ಅವನೆದುರು ಕೂತಳು. ಮರುದಿನವೂ ಬಂದಳು. ಕಾಫಿ ಊದುತ್ತಾ ಲೋಟದ ಅಂಚಿನ ಮೇಲಿಂದ ನೋಡುತ್ತಿದ್ದಳು. ಅವನು ನೋಡಿದರೆ ಕಾಫಿ ನೋಡುತ್ತಿದ್ದಳು.

“ನೀವು ಬಂದ್ಮೇಲೆ ಸಾಂಬಾರು ಚೆನ್ನಾಗೈತೆ,” ಎಂದ.

“ಅದೇ ನೀರು ಸಾಂಬಾರಲ್ವೇನ್ರಿ?” ಎಂದಳು. ಕಿವಿ ಕೆಂಪಾಗಿದ್ದವು.

ಮೀಟಿಂಗಿನಲ್ಲಿ ರಿಜಿಸ್ಟ್ರಾರ್ ಪ್ಲಾನ್ ತಿರುವಿದರು. “ಫ್ಯಾನು ಲೈಟಿಗೆ ಇಷ್ಟೊಂದು ಪ್ಯಾನೆಲ್ಲಾ? ಅರ್ಧ ತೆಗೀರಿ.”

ಅರ್ಧ ತೆಗೆದರೆ ಸಂಜೆಯೊಳಗೆ ಬ್ಯಾಟರಿ ಖಾಲಿ. ಹುಡುಗಿಯರು ಕತ್ತಲಲ್ಲಿ ಓದಬೇಕು. ನಿಜ ಹೇಳಿದರೆ ಅರ್ಥವಾದೀತು ಎಂದುಕೊಂಡ.

“ಕೆಟಲ್ ಅವೆ ಸಾರ್. ಎಣಿಸೀವಿ.”

ಸಂಜೆಯೇ ವಾರ್ಡನ್ ಬಕೆಟ್‌ಗಳನ್ನೆಲ್ಲ ಬೋರಲು ಹಾಕಿಸಿ ಕೆಟಲ್‌ಗಳನ್ನು ಹೊತ್ತೊಯ್ದರು. ಮರುದಿನ ರಿಜಿಸ್ಟ್ರಾರ್, “ಈಗ ಕೆಟಲ್ ಇಲ್ಲ, ಅರ್ಧ ಸಾಕು,” ಎಂದು ಸಹಿ ಹಾಕಿದರು.

ಸುಷ್ಮಿತಾ ಗೇಟಿನ ಬಳಿ ಸಿಕ್ಕಳು.

“ನಿಮಗೋಸ್ಕರಾನೇ ಹೇಳಿದ್ದು. ನೀವಂದ್ರೆ ನಂಗೆ...” ಎಂದ.

“ಬ್ಯಾಡ್ರಿ. ಮನೆಮನೆ ತಿರುಗಿದಂಗೆ ತಿರುಗಿ ಎಣಿಸಿದ್ದು ನಾನು. ಈಗ ನಾನೇ ಹೇಳ್ಕೊಟ್ಟೆ ಅಂತ ನನ್ ಮೂರು ಜನ ರೂಮ್‌ಮೇಟೂ ಬಾಗ್ಲು ತೆಗೀತಿಲ್ಲ.”

“ನಾನ್ ಬಂದು ಮಾತಾಡ್ಲಾ?”

“ಮಾತಾಡಿದ್ದು ಸಾಕು.” ದುಪ್ಪಟ್ಟಾ ತಲೆ ಮೇಲೆ ಎಳೆದುಕೊಂಡು ಬಿಸಿಲಿಗೆ ನಡೆದಳು.

ಅವನು ಊಟಕ್ಕೆ ಹೋದ. ಅವಳು ಕೂರುತ್ತಿದ್ದ ಗೋಡೆ ಪಕ್ಕದ ಕುರ್ಚಿ ಖಾಲಿಯಿತ್ತು.

ಹೋದದ್ದು: ನಲವತ್ತೊಂದು ಕೆಟಲ್, ಅರ್ಧ ಪ್ಯಾನೆಲ್, ಅವಳಿಗೆ ಮೂವರು ಗೆಳತಿಯರು, ಅವನಿಗೆ ಒಬ್ಬಳು.