ಎಲ್ಲರ ಕೊಟೇಶನ್‌ಗೂ ಒಂದೇ ಮಾತು

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ಬಂದ ದರ್ಜಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವನ ಹೆಂಡತಿ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದಳು. ಹಿಂದಿನ ದಿನ ಮನೆಗೆ ತಿಗಣೆ ಔಷಧಿ ಹೊಡೆಸಿದ್ದರು. ಅವನು ಅಂಗಡಿಯಲ್ಲೇ ಉಳಿದಿದ್ದ, ಅವಳು ಸಂಜೆ ಹೋಗಿ ಬಾಗಿಲು ಹಾಕಿಕೊಂಡು ಮಲಗಿದ್ದಳು.

"ಔಷಧಿ ಹೊಡೆದ ಮೇಲೆ ಎಷ್ಟು ಹೊತ್ತು ಹೊರಗಿದ್ರು?" ಇನ್‌ಸ್ಪೆಕ್ಟರ್ ಕೇಳಿದರು.

"ಐದು ಗಂಟೆ ಸಾರ್. ಅವರು ನಾಲ್ಕು ಅಂದಿದ್ರು. ಅವಳು ಒಂದು ಜಾಸ್ತೀನೇ ಇದ್ಲು."

ಅವನು ಮೇಜಿನ ಮೇಲಿಟ್ಟ ಕೊಟೇಶನ್‌ನಲ್ಲಿ ಹಾಗೇ ಇತ್ತು: ನಾಲ್ಕು ಗಂಟೆಗಳ ನಂತರ ಮನೆ ಪ್ರವೇಶಿಸಬಹುದು. ಎಫ್‌ಐಆರ್ ದಾಖಲಾಯಿತು.

ಹತ್ತೂಕಾಲಿಗೆ ಇನ್‌ಸ್ಪೆಕ್ಟರ್, ಜೊತೆಗೊಬ್ಬ ಮಹಿಳಾ ಕಾನ್‌ಸ್ಟೆಬಲ್, ಔಷಧಿ ಹೊಡೆಯುವ ಸಂಸ್ಥೆಯ ಕಚೇರಿಗೆ ಹೋದರು. ಒಂದು ಕಡೆ ನಿಂತು ಗೊತ್ತಿಲ್ಲದ ಈ ಕಾನ್‌ಸ್ಟೆಬಲ್ಲನ್ನು ಠಾಣೆಯವರೆಲ್ಲ ಪಾದರಸ ಎಂದೇ ಕರೆಯುತ್ತಿದ್ದರು. ಮಾಲೀಕ ಕಂಪ್ಯೂಟರ್ ಪರದೆಯನ್ನು ಅವರತ್ತ ತಿರುಗಿಸಿದ.

"ನೋಡಿ ಸಾರ್, ಮನೆ ಒಳಗೆ ಹೋಗೋಕೆ 'ಇಡೀ ಒಂದು ದಿನ' ಬಿಡಬೇಕು ಅಂತಿದೆ. ಗಿರಾಕಿಗೊಂದು ಮಾತು ಬರೆಯೋ ಪದ್ಧತಿ ನಮ್ಮಲ್ಲಿಲ್ಲ. ಟೆಂಪ್ಲೇಟ್ ಒಂದೇ ಸಲ ಬರೆದಿಟ್ಟಿದೀವಿ. ಗಿರಾಕಿ ಹೆಸರು ಹಾಕಿದ್ರೆ ಮಿಕ್ಕಿದ್ದೆಲ್ಲ ತಾನಾಗೇ ಬಂದು ಕೂರುತ್ತೆ. ನಿಮ್ಮ ಹತ್ರ ಇರೋ ಕಾಗದಾನ ಆ ಗಿರಾಕೀನೇ ತಿದ್ದಿರ್ತಾರೆ."

"ಔಷಧಿ ಹೊಡೆಯೋರು ಬಾಯಲ್ಲಿ ಹೇಳಲ್ವಾ?"

"ಕಾಗದ ಇದೆಯಲ್ಲ ಸಾರ್, ಬಾಯಿ ಯಾಕೆ?"

ಅಷ್ಟರಲ್ಲಿ ಪಾದರಸ ತಂತ್ರಾಂಶದಲ್ಲಿ ಬದಲಾವಣೆಗಳ ದಾಖಲೆ ತೆರೆದಿದ್ದಳು. ಸೋಮವಾರ ಆ ಸಾಲು 'ನಾಲ್ಕು ಗಂಟೆ' ಆಗಿತ್ತು. ಬುಧವಾರ ಬೆಳಿಗ್ಗೆ ಮತ್ತೆ 'ಇಡೀ ಒಂದು ದಿನ'. ಮಾಲೀಕನ ಮುಖ ಬಿಳಿಚಿತು. ಬದಲಿಸಿದವರು ಯಾರೆಂದು ಮಾತ್ರ ತಿಳಿಯುವಂತಿರಲಿಲ್ಲ. ಇಡೀ ಕಚೇರಿಗೆ ಒಂದೇ ಲಾಗಿನ್, ಅದರ ಪಾಸ್‌ವರ್ಡ್ ಬರೆದ ಚೀಟಿ ಪರದೆಯ ಅಂಚಿಗೇ ಅಂಟಿತ್ತು. ಕಳ್ಳನಿಗೆ ಬೀಗದ ಕೈ ಕೊಟ್ಟು ಕಾವಲಿಗೆ ನಿಲ್ಲಿಸುವುದೆಂದರೆ ಇದೇ.

ಆ ಕಂಪ್ಯೂಟರ್ ಮುಟ್ಟುವವರು ನಾಲ್ವರು: ಮಾಲೀಕ, ಲೆಕ್ಕ ನೋಡುವ ಹೆಂಗಸು, ಇಬ್ಬರು ಸೇಲ್ಸ್‌ನವರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ಪಾಪದವರು ಅವರಲ್ಲಿ ಯಾರೂ ಇರಲಿಲ್ಲ. ನಾನಲ್ಲ, ನಾನಲ್ಲ ಎಂದು ನಾಲ್ಕು ಸಲ ಕೇಳಿಸಿತು.

"ಇವರು ಎಲ್ಲಿಗೂ ಓಡಲ್ಲ," ಇನ್‌ಸ್ಪೆಕ್ಟರ್ ಎದ್ದರು. "ಸೋಮವಾರದಿಂದ ಬುಧವಾರದ ತನಕ ಕಾಗದ ಯಾರ್ಯಾರಿಗೆ ಹೋಗಿದೆ? ಮೊದಲು ಅವರಿಗೆ ಫೋನ್ ಮಾಡಿ."

ದರ್ಜಿಯ ಮನೆ ಬಿಟ್ಟು ಇನ್ನೂ ಎಂಟು ಮನೆಗಳಿದ್ದವು. ಒಂದು ಮನೆಗೆ ಅಂದೇ ಬೆಳಿಗ್ಗೆ ಏಳಕ್ಕೆ ಔಷಧಿ ಹೊಡೆದಾಗಿತ್ತು, ಅಲ್ಲಿ ಫೋನ್ ಎತ್ತುವವರಿಲ್ಲ. ಗಡಿಯಾರ ಹತ್ತೂ ನಲವತ್ತು ತೋರಿಸುತ್ತಿತ್ತು. ಪಾದರಸ ಬೈಕಿನ ಕೀಲಿ ಕಿತ್ತುಕೊಂಡು ಓಡಿದಳು.

ಉಳಿದವರಿಗೆ ಇನ್‌ಸ್ಪೆಕ್ಟರೇ ಕರೆ ಮಾಡುತ್ತಾ ಹೋದರು. ಒಂದು ಕಿವಿ ಫೋನಿಗೆ, ಇನ್ನೊಂದು ಪಾದರಸಳ ಸುದ್ದಿಗೆ. ಎತ್ತಿದವರ ಮನೆಗೆಲ್ಲ ಔಷಧಿ ಹೊಡೆಯುವುದಿನ್ನೂ ಬಾಕಿಯಿತ್ತು, ಅವರೆಲ್ಲ ಹೇಳಿದ್ದು ಒಂದೇ: ನಾಲ್ಕು ಗಂಟೆ ಸಾಕು ಅಂತ ಬರೆದಿದೆಯಲ್ಲ ಸಾರ್? ಆರನೆಯ ಕರೆ ಎತ್ತಿದವಳು ಮಾತ್ರ ನಕ್ಕಳು.

"ಗೊತ್ತು ಸಾರ್, ಒಂದು ದಿನ. ಬುಧವಾರ ಹೊಡೆಸಿದ್ವಿ, ಅವತ್ತು ರಾತ್ರಿ ಎಲ್ಲ ನಾದಿನಿ ಮನೇಲೇ ಇದ್ವಿ."

"ನಿಮ್ಮ ಕಾಗದದಲ್ಲಿ ನಾಲ್ಕು ಗಂಟೆ ಅಂತಿದೆಯಲ್ಲಮ್ಮ?"

"ಅದನ್ನ ನಂಬಬೇಡಕ್ಕ ಅಂತ ಅವತ್ತು ಬೆಳಿಗ್ಗೇನೇ ನನ್ನ ತಮ್ಮ ಫೋನ್ ಮಾಡಿದ್ದ. ಅಲ್ಲೇ ಸೇಲ್ಸ್‌ನಲ್ಲಿ ಕೆಲಸ ಮಾಡ್ತಾನೆ. ನಂಬರ್ ಕೊಡ್ಲಾ?"

"ಬೇಡಮ್ಮ. ಇಲ್ಲೇ ಇದ್ದಾನೆ."

ಇಬ್ಬರು ಸೇಲ್ಸ್‌ನವರಲ್ಲಿ ಕಿರಿಯವನು ಗೋಡೆಗೆ ಒರಗಿಕೊಂಡ. ಅವನನ್ನು ಯಾರೂ ಏನೂ ಕೇಳಿರಲಿಲ್ಲ.

ಹನ್ನೊಂದು ದಾಟುತ್ತಿದ್ದಂತೆ ಪಾದರಸಳ ಕರೆ ಬಂತು. ಏದುಸಿರಿನಲ್ಲಿ ಮಾತೇ ಹೊರಡುತ್ತಿರಲಿಲ್ಲ. "ಅಜ್ಜ ಬೀಗ ತೆಗೀತಾ ಇದ್ರು ಸಾರ್. ಅಜ್ಜಿ ಬಯ್ತಾ ಇದ್ದಾರೆ, ಮನೆ ನಮ್ದು, ತಡೆಯೋಕೆ ನೀನ್ಯಾರು ಅಂತ."

"ಬಯ್ಯಲಿ ಬಿಡು," ಎಂದರು ಇನ್‌ಸ್ಪೆಕ್ಟರ್. ಅಂಥ ಬೈಗುಳ ಕೇಳಿ ಅವರಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಪಂಚರನ್ನು ಕರೆಸಿ ಪಂಚನಾಮೆ ಮಾಡಿ ಕಂಪ್ಯೂಟರ್ ವಶಪಡಿಸಿಕೊಂಡರು. ಒಂದೂವರೆಗೆ ಠಾಣೆಯಲ್ಲಿ ಆ ಕಿರಿಯವನ ವಿಚಾರಣೆ ಶುರುವಾಯಿತು.

"ಯಾಕೆ ಬದಲಾಯಿಸಿದೆ?"

"ಇಡೀ ದಿನ ಮನೆ ಬಿಟ್ಟಿರಕ್ಕಾಗಲ್ಲ ಅಂತ ಭಾವ ಹಟ ಹಿಡಿದಿದ್ರು. ಅಕ್ಕನ ಮಕ್ಕಳ ಮೈಯೆಲ್ಲ ತಿಗಣೆ ಕಚ್ಚಿ ದದ್ದು ಎದ್ದಿತ್ತು. ಅವಳ ಕಾಗದ ಒಂದರಲ್ಲೇ ತಿದ್ದಿದೆ ಅಂದ್ಕೊಂಡೆ ಸಾರ್. ಟೆಂಪ್ಲೇಟನ್ನೇ ತಿದ್ದಿಬಿಟ್ಟಿದ್ದೆ."

"ಗೊತ್ತಾಗಿದ್ದು ಯಾವಾಗ?"

"ಬುಧವಾರ. ಬೇರೆಯವರ ಕಾಗದದಲ್ಲೂ ಅದೇ ಕಾಣಿಸ್ತು. ನಾಲ್ಕು ಗಂಟೆಗೆ ಒಳಗೆ ಹೋದ್ರೆ ಏನಾಗುತ್ತೆ ಅಂತ ಔಷಧಿ ಹೊಡೆಯೋರನ್ನ ಕೇಳಿದೆ. ಹೆಣ ಬೀಳುತ್ತೆ ಅಂದ್ರು. ತಕ್ಷಣ ಅಕ್ಕನಿಗೆ ಹೇಳಿದೆ. ಟೆಂಪ್ಲೇಟ್ ಸರಿ ಮಾಡಿದೆ."

"ಮಿಕ್ಕವರಿಗೆ?"

ಹೇಳಿದರೆ ಕೆಲಸ ಹೋಗುತ್ತದೆಂದು ಅವನು ಹೆದರಿದ್ದ. ಇನ್ನೊಂದು ತಪ್ಪಾದರೆ ಗಂಟುಮೂಟೆ ಕಟ್ಟು ಎಂದು ಹಿಂದಿನ ತಿಂಗಳಷ್ಟೇ ಮಾಲೀಕ ಎಲ್ಲರೆದುರು ಬೈದಿದ್ದನಂತೆ. ಹಾಳು ಕೆಲಸ, ಹೋದರೆ ಇನ್ನೊಂದು ಸಿಕ್ಕೀತು. ಅಂದು ಅವನಿಗೆ ಅದು ಹೊಳೆಯಲಿಲ್ಲ.

ಮೂರು ಗಂಟೆಗೆ ಆಸ್ಪತ್ರೆಯಿಂದ ಕರೆ ಬಂತು. ದರ್ಜಿಯ ಹೆಂಡತಿ ತೀರಿಕೊಂಡಿದ್ದಳು. ಇನ್‌ಸ್ಪೆಕ್ಟರ್ ಒಳಗೆ ಬಂದು ಅದನ್ನು ಹೇಳಿದಾಗ ಹುಡುಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಆಮೇಲೆ ತಾನಾಗಿಯೇ ಹೇಳಿದ.

"ಅವರ ಮನೆಗೆ ಒಂದು ಸಲ ಫೋನ್ ಮಾಡಿದ್ದೆ ಸಾರ್. ಬುಧವಾರಾನೇ. ಆಯಮ್ಮನೇ ಎತ್ತಿದ್ರು. ಯಾರು ಮಾತಾಡೋದು ಅಂದ್ರು."

"ನೀನೇನಂದೆ?"

"ರಾಂಗ್ ನಂಬರ್ ಅಂದೆ."

ಇನ್‌ಸ್ಪೆಕ್ಟರ್ ಅದನ್ನೂ ಹೇಳಿಕೆಯಲ್ಲಿ ಬರೆಸಿ, ಸಂಜೆ ಐದೂವರೆಗೆ ಬಂಧನ ದಾಖಲಿಸಿದರು.